ನನ್ನ ತಪ್ಪಿಗೆ ನಿಮ್ಮ ಹೆಸರೇಕೆ?

"ನನ್ನ ಹೆಸರೆಲ್ಲಿ ಹೋಯ್ತು ರೀ?"

ಅವಳು ಅವನ ಮೇಜಿನ ಮುಂದೆ ನಿಂತು ಕೇಳಿದ ರೀತಿಗೆ ಅಕ್ಕಪಕ್ಕದವರ ಕೀಬೋರ್ಡ್ ಸದ್ದೂ ನಿಂತಿತು.

ಸಿಟ್ಟು ಬಂದರೆ ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತಾಳೆಂದು ಆಫೀಸಿನಲ್ಲಿ ಅವಳಿಗೆ 'ಸಾಸಿವೆ' ಎಂದೇ ಹೆಸರು. ಎದುರಿಗೆ ಕೂತವನು 'ಮುನಿ'. ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ಅರ್ಧ!

ಇಬ್ಬರದೂ ಒಂದೇ ಕೆಲಸ. ಲಿಫ್ಟ್ ನಡೆಸುವ ಸಾಫ್ಟ್‌ವೇರ್ ಬರೆಯುವ ಮೊದಲು ಅದರ ನಕ್ಷೆ ಹಾಕುವುದು. ಬಾಗಿಲು, ಬ್ರೇಕ್, ಗುಂಡಿ... ಒಂದೊಂದಕ್ಕೂ ಒಂದು ಚೌಕ, ಚೌಕದೊಳಗೆ ಅದನ್ನು ಮಾಡಿದವರ ಹೆಸರು. ಒಂದೊಂದೇ ಚೌಕ ತೆರೆದು ತಿದ್ದುವುದು ತಲೆನೋವೆಂದು ಎಲ್ಲರೂ ಟೇಬಲ್ ಎಡಿಟರ್ ತೆರೆಯುತ್ತಾರೆ. ಅಲ್ಲಿ ಚೌಕಗಳೆಲ್ಲ ಸಾಲಾಗಿ ಬಂದು ಕೂರುತ್ತವೆ. ಟೇಬಲ್ಲಿನಲ್ಲಿ ತಿದ್ದಿದರೆ ನಕ್ಷೆಯಲ್ಲೂ ತಿದ್ದಿದಂತೆ. ಅನುಕೂಲವೂ ಅದೇ, ಅನಾಹುತವೂ ಅದೇ.

ಅಂದು ಮಧ್ಯಾಹ್ನ ಮ್ಯಾನೇಜರ್ ಮೇಡಂ ಅವಳ ನಕ್ಷೆ ನೋಡಿ, ಅವಳ ಕೆಲಸ ಖಾಯಂ ಆಗುವುದೋ ಇಲ್ಲವೋ ಹೇಳುವವರಿದ್ದರು. ಖಾಯಂ ಆದರೆ ಅಕ್ಕನ ಮನೆಯ ಸೋಫಾ ಬಿಟ್ಟು ಸ್ವಂತ ಕೋಣೆ ಹಿಡಿಯಬಹುದು. ಬೆಳಿಗ್ಗೆ ಬಂದು ನೋಡಿದರೆ ಅವಳ ಚೌಕಗಳಲ್ಲೆಲ್ಲ ಮುನಿಯ ಹೆಸರು!

"ಬದಲಾಯಿಸಿದ್ದು ನಾನೇ. ಆದ್ರೆ... ಎಲ್ಲದ್ರಲ್ಲೂ ಅಲ್ಲ," ಎಂದ.

"ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡ್ರಾ?"

ಅವನು ಪರದೆ ನೋಡಿದ. ಮುಖ ಬಿಳಿಚಿತು. "ಅಯ್ಯೋ... ಸರಿ ಮಾಡ್ಕೊಡ್ತೀನಿ."

"ಮುಟ್ಬೇಡಿ!"

ತನ್ನ ಕುರ್ಚಿಗೆ ಬಂದು ಕೂತಾಗ ಅವಳಿಗೆ ಅಳುವೇ ಬಂತು. ಅವನ ಪಕ್ಕ ಕೂರುವ ಆಸೆಗೇ ದಿನಾ ಬೇಗ ಬರುತ್ತಿದ್ದಳು. 'ಇವನೂ ಇಷ್ಟೇನಾ?'

ಹೆಸರು ತಿದ್ದಲು ಟೇಬಲ್ ತೆರೆದಳು. ಅವನು ಬಿಟ್ಟುಹೋದಂತೆಯೇ ಇತ್ತು. ಅಲ್ಲಿ ಕೆಲವು ಸಾಲುಗಳಷ್ಟೇ ಕಾಣುತ್ತಿದ್ದವು. ಮೇಲೆ ಫಿಲ್ಟರ್: 'ದೋಷವಿರುವವು ಮಾತ್ರ'.

ಕೈ ತಾನಾಗಿ ನಿಂತಿತು.

ಈ ಟೇಬಲ್ಲಿನ ಕೆಟ್ಟ ಚಾಳಿ ಅವಳಿಗೂ ಗೊತ್ತು. ಫಿಲ್ಟರ್ ಹಾಕಿ, ಕಾಣುವ ಸಾಲುಗಳಿಗೆಲ್ಲ ಒಟ್ಟಿಗೆ ಒಂದು ಹೆಸರು ತುಂಬಿಸಿದರೆ, ನಡುವೆ ಅಡಗಿ ಕೂತ ಸಾಲುಗಳಿಗೂ ಅದೇ ಹೆಸರು ಹೋಗಿಬಿಡುತ್ತದೆ.

ಅಂದರೆ... ಅವನು ತನ್ನ ಹೆಸರು ಹಾಕಹೊರಟಿದ್ದು ಅವಳ ತಪ್ಪುಗಳಿಗೆ ಮಾತ್ರ!

ನೀರಿನ ಫಿಲ್ಟರಿನ ಬಳಿ ಒಬ್ಬನೇ ಸಿಕ್ಕ.

"ನನ್ನ ತಪ್ಪಿಗೆ ನಿಮ್ಮ ಹೆಸರ್ಯಾಕೆ?"

"ನಿನ್ನೆ ಹೊರಡೋ ಹೊತ್ತಿಗೆ ಕಣ್ಣಿಗೆ ಬಿತ್ತು. ತಿದ್ದೋಕೆ ಟೈಮಿರ್ಲಿಲ್ಲ. ನಾನು ಹಳಬ, ಬೈಸ್ಕೊಂಡ್ರೂ ನಡೆಯುತ್ತೆ. ನೀವು..." ಎಂದು ತಡವರಿಸಿದ. "ನೀವಿಲ್ಲದ ಆ ಕುರ್ಚಿ ನೋಡ್ಕೊಂಡು ಕೂರೋದು ನನ್ನ ಕೈಲಾಗಲ್ಲ."

ಮುನಿ ಇಷ್ಟು ಮಾತಾಡಿದ್ದು ಅದೇ ಮೊದಲು. ಆದರೂ ಅವಳ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

"ಪ್ರೀತಿ ಇದ್ರೆ ಬಾಯ್ಬಿಟ್ಟು ಹೇಳ್ಬೇಕು. ನನ್ನ ಬದಲು ಬೈಸ್ಕೊಳ್ಳೋದಲ್ಲ. ಮಾಡಿದ್ದು ನಾನು, ಹೇಳೋದೂ ನಾನೇ."

ಮೇಜಿಗೆ ಮರಳಿ, ಟೇಬಲ್ಲಿನ ಫಿಲ್ಟರ್ ತೆಗೆದು, ತಪ್ಪು ಒಪ್ಪು ಎಲ್ಲಕ್ಕೂ ತನ್ನ ಹೆಸರೇ ಹಾಕಿದಳು.

ಮಧ್ಯಾಹ್ನ ಮೇಡಂ ಕೇಳುವ ಮೊದಲೇ ಬೆರಳು ತೋರಿಸಿದಳು. "ಇವು ತಪ್ಪಾಗಿವೆ ಮೇಡಂ. ಬ್ರೇಕ್ ಬೀಳೋ ಮೊದಲೇ ಬಾಗಿಲು ತೆರೆಯೋ ಹಾಗೆ ಹಾಕಿದ್ದೀನಿ."

ಇನ್ನು ಅಕ್ಕನ ಮನೆಯ ಸೋಫಾನೇ ಗತಿ ಎಂದುಕೊಂಡಳು.

ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. "ಲಿಫ್ಟಲ್ಲಿ ಹೋಗೋರ ಗತಿ ಏನಮ್ಮಾ? ನೀನಾಗೇ ಹೇಳ್ದೆ, ಬದುಕ್ಕೊಂಡೆ. ಮುಚ್ಚಿಟ್ಟಿದ್ರೆ ಇವತ್ತೇ ಮನೆಗೆ ಕಳಿಸ್ತಿದ್ದೆ. ತಿದ್ದಿ ತಾ. ಕೆಲಸ ಖಾಯಂ."

ಹೊರಗೆ ಮುನಿ ಉಸಿರು ಬಿಗಿಹಿಡಿದು ನಿಂತಿದ್ದ. ಅವಳ ನಗು ನೋಡಿ ಅವನಿಗೆ ಉಸಿರು ಬಂತು.

"ತಿದ್ದೋಕೆ ಜೊತೆಗೆ ಕೂತ್ಕೊಳ್ಳಲಾ?"

"ಕೂತ್ಕೋ. ಮೌಸ್ ಮಾತ್ರ ನನ್ನ ಕೈಲಿರ್ಲಿ."

"ಮತ್ತೆ... ನನ್ನ ಕೈ?"

ಅವಳು ಕುರ್ಚಿ ಹತ್ತಿರಕ್ಕೆಳೆದುಕೊಂಡಳು.

"ಅದೂ ನನ್ನ ಕೈಲೇ ಇರ್ಲಿ."