ತಿರುವಿನಲ್ಲಿ ಮಾತಾಡಬೇಡ

"ತಿರುವಿನಲ್ಲಿ ಮಾತಾಡಬೇಡ!"

ಹೆಡ್‌ಫೋನಿನಲ್ಲಿ ಬಂದ ಆ ಕೂಗಿಗೆ ಅವಳು ಬೆಚ್ಚಿಬಿದ್ದಳು.

ರೇಸ್ ಎಂಜಿನಿಯರ್ ಆಗಿ ಅವಳ ಮೊದಲ ದಿನ. ಟ್ರ್ಯಾಕಿನ ಪಕ್ಕ, ಕಾರುಗಳು ಟೈರು ಬದಲಿಸಲು ನಿಲ್ಲುವ ಪಿಟ್‌ನಲ್ಲಿ ಪರದೆಗಳ ಮುಂದೆ ಕೂತು, ಟೈರು ಹೇಗಿದೆ, ಹಿಂದೆ ಯಾರಿದ್ದಾರೆ ಎಂದು ಕಾರಿನಲ್ಲಿರುವವನಿಗೆ ರೇಡಿಯೋದಲ್ಲಿ ಹೇಳುವ ಕೆಲಸ.

ಕಾರಿನಿಂದಿಳಿದವನು ಹೆಲ್ಮೆಟ್ ಕಿತ್ತು ನೇರ ಅವಳ ಮುಂದೆ ಬಂದು ನಿಂತ. ಕಣ್ಣು ಕೆಂಡ.

"ತಿರುವಿನಲ್ಲಿ ನನಗೆ ರಸ್ತೆ ಬಿಟ್ರೆ ಬೇರೇನೂ ಬೇಡ. ಮಾತೆಲ್ಲ ನೇರ ದಾರೀಲಿ. ಅರ್ಥ ಆಯ್ತಾ?"

"ಆಯ್ತು. ಈಗ ನೇರ ದಾರೀಲೇ ನಿಂತಿದೀಯ ಅಲ್ವಾ? ಕೇಳು. ಆ ತಿರುವಿನಲ್ಲಿ ನೀನು ಬ್ರೇಕ್ ಬೇಗ ಒತ್ತಿದೆ."

ಮೆಕ್ಯಾನಿಕ್‌ಗಳು ಉಸಿರು ಬಿಗಿಹಿಡಿದರು. ತಂಡದವರೆಲ್ಲ ಬೆನ್ನ ಹಿಂದೆ 'ದೂರ್ವಾಸ' ಎನ್ನುತ್ತಿದ್ದ ಆ ಮಹಾರಾಯ... ನಕ್ಕುಬಿಟ್ಟ!

ಅಂದಿನಿಂದ ಅವಳಿಗೊಂದು ಹೆಸರು ಬಿತ್ತು. ಕಿವಿಮಾತು.

ಆ ವರ್ಷ ತಂಡಕ್ಕೆ ಮುಟ್ಟಿದ್ದೆಲ್ಲ ಚಿನ್ನ. ಒಂದಾದ ಮೇಲೊಂದು ಗೆಲುವು. ಪ್ರತಿ ಓಟಕ್ಕೂ ಮುಂಚೆ ಅವನ ಅಪ್ಪ ಫೋನ್ ಮಾಡುತ್ತಿದ್ದರು, ಮಗನಿಗಲ್ಲ, ಇವಳಿಗೆ! ಜೀವಮಾನವಿಡೀ ಕಾರು ರಿಪೇರಿ ಮಾಡಿದ ಮನುಷ್ಯ.

"ಮಗಳೇ, ಅವನ ಬ್ರೇಕ್ ನೀನು ನೋಡ್ಕೋ. ಅವನ ಬಾಯಿ ನಾನು ನೋಡ್ಕೋತೀನಿ."

ಇಬ್ಬರೂ ಪ್ರೀತಿ ಎಂಬ ಮಾತನ್ನು ಆಡಿರಲಿಲ್ಲ. ಆಡುವುದಾದರೂ ಹೇಗೆ? ಅವರ ರೇಡಿಯೋ ಮಾತು ಟೀವಿಯಲ್ಲೂ ಬರುತ್ತಿತ್ತು, ಜಗತ್ತೇ ಕೇಳುತ್ತಿತ್ತು. ಆದರೂ "ಟೈರ್ ಹುಷಾರು" ಎಂದು ಅವಳು ಹೇಳುವಾಗ ಆ ಹುಷಾರು ಟೈರಿಗಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಬಂತು, ಅವನ ಸ್ವಂತ ಊರಿನ ಓಟ.

ಅವನು ಮುಂದಿದ್ದ. ಎದುರಾಳಿ ಬೆನ್ನಿಗೇ ಅಂಟಿದ್ದ. ಆಗ ಅವಳ ಫೋನ್ ಹೊಡೆದುಕೊಂಡಿತು. ಅವನ ಅಕ್ಕ, ಆಸ್ಪತ್ರೆಯಿಂದ.

"ಅಪ್ಪನಿಗೆ ಎದೆನೋವು... ಡಾಕ್ಟರ್ ಕೈ ಚೆಲ್ಲಿದಾರೆ. ಅವನನ್ನ ಕಳಿಸು, ಈಗ್ಲೇ!"

ಟ್ರ್ಯಾಕಿನಿಂದ ಆಸ್ಪತ್ರೆಗೆ ಅರ್ಧ ಗಂಟೆಯ ದಾರಿ. ಅವಳ ಬೆರಳು ರೇಡಿಯೋ ಗುಂಡಿಯ ಮೇಲಿತ್ತು. ಕಣ್ಣು ಪರದೆಯ ಮೇಲಿತ್ತು... ಅವನು ಮುಂದಿದ್ದ.

"ಓಟ ಮುಗೀಲಿ ಅಕ್ಕ," ಎಂದುಬಿಟ್ಟಳು.

ಆ ಕಡೆ ಫೋನ್ ಕೈ ಬದಲಾಯಿತು. ಅಪ್ಪನ ಕ್ಷೀಣ ದನಿ. "ಹೌದು ಮಗಳೇ. ಓಟ ಮುಗಿಯೋವರೆಗೂ ಅವನಿಗೆ ಹೇಳ್ಬೇಡ."

ಅವನು ಗೆದ್ದ. ಅಕ್ಕನಿಂದ ವಿಷಯ ತಿಳಿದು ರೇಸಿನ ಬಟ್ಟೆಯಲ್ಲೇ ಆಸ್ಪತ್ರೆಗೆ ಓಡಿದ. ಅಷ್ಟರಲ್ಲಿ ಹಾಸಿಗೆ ಖಾಲಿಯಾಗಿತ್ತು.

ಮರುದಿನ ಅವನು ಕೇಳಿದ್ದು ಒಂದೇ ಮಾತು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನನ್ನ ಹತ್ರ ಟೈರಿನ ಮಾತಾಡ್ತಾ ಕೂತಿದ್ಯಾ...?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ. ತಂಡದ ಮ್ಯಾನೇಜರ್ ಕಡೆ ತಿರುಗಿ, "ಇನ್ಮೇಲೆ ನನ್ನ ಕಿವೀಲಿ ಈ ದನಿ ಬೇಡ," ಎಂದ.

'ಅಪ್ಪನೇ ಹೇಳ್ಬೇಡ ಅಂದ್ರು' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದಳು. ತೀರಿಹೋದವರ ಮೇಲೆ ತಪ್ಪು ಹೊರಿಸಿ ತಾನು ನುಣುಚಿಕೊಳ್ಳುವುದೇ? ಅವರು ಹೇಳುವ ಮುಂಚೆಯೇ ತಾನು ತೀರ್ಮಾನಿಸಿ ಆಗಿತ್ತಲ್ಲ!

ಅವಳಿಗೆ ಗ್ಯಾರೇಜಿನ ಹಿಂಬದಿಯಲ್ಲಿ ಜಾಗ ಸಿಕ್ಕಿತು. ಸವೆದ ಟೈರುಗಳ ಲೆಕ್ಕ ನೋಡುವ ಕೆಲಸ. ಅವನು ಗೆಲ್ಲುತ್ತಲೇ ಹೋದ. ಪ್ರತಿ ಗೆಲುವಿಗೂ ಎಲ್ಲರೂ ಕುಣಿದರು. ಅವಳು ಟೈರಿನ ರಾಶಿಯ ಹಿಂದೆ ಕಣ್ಣೊರೆಸಿಕೊಂಡಳು.

ಕೊನೆಯ ಓಟದ ದಿನ ಅಕ್ಕ ಅವಳನ್ನು ಹುಡುಕಿಕೊಂಡು ಬಂದಳು.

"ಅಪ್ಪ ಹೇಳಿದ್ದನ್ನ ಅವನಿಗೆ ನೀನು ಹೇಳೇ ಇಲ್ವಂತೆ? ಇವತ್ತು ಮ್ಯಾನೇಜರ್ ಜೊತೆ ಮಾತಿಗೆ ಮಾತು ಬಂದಾಗ ಗೊತ್ತಾಯ್ತು. ನಾನು ಈಗ್ಲೇ ಹೋಗಿ ಹೇಳ್ತೀನಿ!"

"ಬೇಡ ಅಕ್ಕ, ಓಟ ಮುಗೀ..."

ಅವಳ ಮಾತು ಅಲ್ಲೇ ನಿಂತಿತು. ಮತ್ತೆ ಅದೇ ಮಾತು! ಅಯ್ಯೋ, ಒಂದು ಸಲ ಸುಟ್ಟುಕೊಂಡರೂ ಬುದ್ಧಿ ಬರಲಿಲ್ಲವೇ?

"ನಾನೇ ಹೇಳ್ತೀನಿ," ಎಂದವಳೇ ಓಡಿದಳು.

ಅವನು ಕಾರಿನೊಳಗೆ ಬೆಲ್ಟ್ ಬಿಗಿದು ಕೂತಿದ್ದ. ಚಾಂಪಿಯನ್ ಪಟ್ಟ ಇನ್ನೊಂದೇ ಓಟದ ದೂರದಲ್ಲಿತ್ತು. ಹೊಸ ಎಂಜಿನಿಯರ್ ತಡೆಯಲು ಬಂದ. ಅವಳು ಅವನನ್ನು ಸರಿಸಿ ಕಾರಿನ ಪಕ್ಕ ಮಂಡಿಯೂರಿದಳು.

"ಅವತ್ತು ಅಪ್ಪ ಫೋನಲ್ಲಿ ನಿನಗೆ ಹೇಳ್ಬೇಡ ಅಂದ್ರು. ಆದ್ರೆ ಅವರು ಅನ್ನೋಕೆ ಮುಂಚೇನೇ ನಾನು ಅಕ್ಕನಿಗೆ ಓಟ ಮುಗೀಲಿ ಅಂದಿದ್ದೆ. ನೀನು ಮುಂದಿದ್ದೆ. ಗೆಲ್ಲಲಿ ಅನ್ನಿಸ್ತು. ತಪ್ಪು ನಂದೇ. ಇದನ್ನೂ ಓಟ ಮುಗಿದ ಮೇಲೆ ಹೇಳೋದು ಬೇಡ ಅಂತ... ಈಗ ಬಂದೆ."

ಅವನು ಅವಳನ್ನೇ ನೋಡಿದ. ಹೆಲ್ಮೆಟ್ಟಿನ ಗಾಜು ಕೆಳಗೆಳೆದುಕೊಂಡ.

'ಕೆಡಿಸಿಬಿಟ್ಟೆ... ಇಡೀ ವರ್ಷದ ದುಡಿಮೆಯನ್ನ ನೀರಲ್ಲಿ ಹೋಮ ಮಾಡಿಬಿಟ್ಟೆ,' ಎಂದುಕೊಳ್ಳುತ್ತಾ ಅವಳು ಗ್ಯಾರೇಜಿನ ಮೂಲೆ ಸೇರಿದಳು. ಓಟದುದ್ದಕ್ಕೂ ಪರದೆಯ ಕಡೆ ಕತ್ತೆತ್ತಲಿಲ್ಲ.

ಕೊನೆಗೆ ಗ್ಯಾರೇಜು ಕಿತ್ತುಹೋಗುವಂಥ ಕೇಕೆ. ಗೆದ್ದಿದ್ದ!

ಚಾಲಕನಿಗೆ ಸುದ್ದಿಯನ್ನು ಮೊದಲು ಹೇಳುವ ಹಕ್ಕು ಅವನ ಎಂಜಿನಿಯರ್‌ದು. ಹೊಸ ಎಂಜಿನಿಯರ್ ಗುಂಡಿ ಒತ್ತಿದ್ದಷ್ಟೇ, ರೇಡಿಯೋದಲ್ಲಿ ಅವನ ದನಿ ಬಂತು.

"ನೀವು ಬೇಡ. ತಪ್ಪು ತಿಳ್ಕೋಬೇಡಿ. ಅವಳಿಗೆ ಕೊಡಿ."

ಅವಳು ಹೆಡ್‌ಫೋನ್ ಹಾಕಿಕೊಂಡಳು.

"ನೀನು... ಚಾಂಪಿಯನ್."

ಆ ಕಡೆ ಬರೀ ಉಸಿರು. ಆಮೇಲೆ ಬಿಕ್ಕು.

"ಕಿವಿಮಾತು, ಈ ಸುದ್ದಿ ಅಪ್ಪನಿಗೆ ಯಾರು ಹೇಳ್ತಾರೆ?"

ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿಹಿಡಿದಳು.

"ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ," ಎಂದ ಅವನು.

"ಗೊತ್ತು. ಹೋಗದಿದ್ರೂ ಸರಿ."

"ಆದ್ರೆ ನೀನಿಲ್ದೆ ಗೆದ್ದ ಒಂದು ಗೆಲುವೂ ನನಗೆ ರುಚಿಸ್ಲಿಲ್ಲ. ನೀನಂದ್ರೆ ನನಗೆ ಜೀವ ಕಣೇ!"

ಅವಳ ಕೆನ್ನೆ ತೊಯ್ದುಹೋಯಿತು. "ಜಗತ್ತೆಲ್ಲ ಕೇಳಿಸ್ಕೋತಿದೆ ಕಣೋ..."

"ಕೇಳಿಸ್ಕೊಳ್ಳಲಿ."

"ನನಗೂ... ನೀನಂದ್ರೆ..." ಕಣ್ಣೊರೆಸಿ ಪರದೆ ನೋಡಿದಳು. ಗೆದ್ದ ಕಾರು ಪಿಟ್‌ಗೆ ಮರಳಲು ಇನ್ನೊಂದು ಸುತ್ತು ಬರುತ್ತಿತ್ತು. ಅಭ್ಯಾಸಬಲ! "ತಡಿ, ಮುಂದೆ ತಿರುವಿದೆ. ದಾಟು, ಆಮೇಲೆ ಹೇಳ್ತೀನಿ."

"ಆಮೇಲೆ ಬೇಡ," ಎಂದ ಅವನು ಮೆಲ್ಲಗೆ. "ಈಗ್ಲೇ ಹೇಳು."

ಅವಳು ಹೇಳಿದಳು.