ಅನ್ನದಾನಮ್ಮನ ಸಾಲು

ಗುಡೇಕೋಟೆ ಕಡೆಯ ನಮ್ಮ ಸಹಕಾರಿ ಬೇಸಾಯದ ಊರಲ್ಲಿ ಬಿತ್ತನೆಗೆ ಮುಂಚೆ ಸದಸ್ಯರ ಹೆಸರು ಕೂಗುವುದು ರೂಢಿ. ಸತ್ತವರ ಹೆಸರಿಗೆ ಅವರ ಮನೆಯವರು ಓಗೊಡುತ್ತಾರೆ. ತೊಂಬತ್ತೆಂಟರ ಮುಂಗಾರಿಗೆ, ಇದೊಂದು ಬಿತ್ತನೆ ಆದಮೇಲೆ ಹೊಲ ಹಂಚಿಕೊಂಡು ಸಂಘ ಮುಚ್ಚುವುದೆಂದು ತೀರ್ಮಾನವಾಗಿತ್ತು. ಕೂಗುವವನು ನಾನೇ. ಬಾಯಿರೂಢಿಯಲ್ಲಿ ಅನ್ನದಾನಮ್ಮನ ಹೆಸರನ್ನೂ ಕೂಗಿಬಿಟ್ಟೆ. ಆಕೆ ತೀರಿಕೊಂಡು ಮೂರು ವರ್ಷ. ಹಿಂದೆ ಮುಂದೆ ಯಾರೂ ಇಲ್ಲ.

“ಅದೀನ್ರೀ,” ಎಂದು ಹಾಜರಿ ಹೇಳುವ ಆಕೆಯದೇ ದನಿ ಬಂತು.

ಅಷ್ಟು ಬಿಸಿಲಲ್ಲೂ ನನ್ನ ಬೆನ್ನಿಗೆ ತಣ್ಣನೆ ಗಾಳಿ ಸೋಕಿತು. ಎತ್ತುಗಳು ಕಿವಿ ನಿಮಿರಿಸಿದವು.

ಮೂವತ್ತು ವರ್ಷ ಆಕೆಯ ಪಕ್ಕದ ಸಾಲಿನಲ್ಲೇ ತೊಗರಿ ಬಿತ್ತಿದ್ದ ಲಾಲ್ ಬೀ ಮಾತ್ರ ಹೆದರಲಿಲ್ಲ. “ಗುರುಸಂಗಣ್ಣ, ಕಡೀ ಸಾಲು ಆಕಿಗೆ ಬಿಡ್ರಿ. ಯಾರೂ ಬಿತ್ತಬ್ಯಾಡ್ರಿ,” ಎಂದು ನನಗೆ ಹೇಳಿದಳು.

ಬಿಟ್ಟೆವು. ದಿನವಿಡೀ ಕೂರಿಗೆಯ ಹಿಂದೆ ಬೀಜ ಬಿಡುವ ಹೆಂಗಸರ ಬಳೆಗಳ ನಡುವೆ ಒಂದು ಜೊತೆ ಬಳೆಯ ಸದ್ದು ಹೆಚ್ಚಿಗೆ ಕೇಳುತ್ತಲೇ ಇತ್ತು.

ವಾರದೊಳಗೆ, ಎಲ್ಲಕ್ಕೂ ಮೊದಲು ಮೊಳೆತದ್ದು ಆ ಸಾಲಿನ ತೊಗರಿ.

“ಸತ್ತಾಕಿ ಸಂಘ ಬಿಟ್ಟಿಲ್ಲ. ಬದುಕಿದೋರು ನಾವ್ಯಾಕ ಬಿಡೋಣ್ರಿ?” ಎಂದಳು ಲಾಲ್ ಬೀ. ಹೊಲ ಹಂಚುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಈಗಲೂ ಪ್ರತಿವರ್ಷ ಆ ಸಾಲನ್ನು ಖಾಲಿ ಬಿಡುತ್ತೇವೆ. ಒಂದು ವರ್ಷವೂ ಅದು ಖಾಲಿ ಉಳಿದಿಲ್ಲ.