ಕೆಂಪು ಕೋಟಿನವಳು

"ಆ ಹಕ್ಕೀನ ಸ್ವಲ್ಪ ಆಚೆ ಓಡಿಸ್ತೀರಾ? ತುಂಬಾ ಹತ್ತಿರ ಬಂದುಬಿಟ್ಟಿದೆ!"

ಸ್ಮಾರೋ ಹುಟ್ಟು ಹಾಕುವುದನ್ನೇ ನಿಲ್ಲಿಸಿಬಿಟ್ಟಳು.

ಚಳಿಗಾಲ ಬಂತೆಂದರೆ ಕೆರ್ಕಿನಿ ಸರೋವರದಲ್ಲಿ ಅಪ್ಪನ ದೋಣಿ ನಡೆಸುವವಳು ಅವಳೇ. ಒಲೆಯ ಹೊಗೆ ಕೊಳವೆಯಷ್ಟು ದೊಡ್ಡ ಲೆನ್ಸು ಹೊತ್ತು ಹಕ್ಕಿಗಳ ಫೋಟೋಗೆಂದು ಬರುವವರೆಲ್ಲ "ಇನ್ನೂ ಹತ್ತಿರ, ಇನ್ನೂ ಹತ್ತಿರ" ಎಂದು ಅವಳ ಪ್ರಾಣ ತಿನ್ನುತ್ತಿದ್ದರು. ಹತ್ತಿರ ಬಂದ ಹೆಜ್ಜಾರ್ಲೆಯನ್ನು ಓಡಿಸು ಎನ್ನುವ ಮಹಾನುಭಾವನನ್ನು ಅವಳು ಕಂಡದ್ದು ಇದೇ ಮೊದಲು!

"ಮೀನು ತೋರಿಸಿ ಕರೆದಿದ್ದು ನಾನು. ನೆಂಟರನ್ನ ಊಟಕ್ಕೆ ಕರೆದು ಬಾಗಿಲು ಹಾಕ್ಕೊಳ್ಳೋಕಾಗುತ್ತಾ?"

"ಅಯ್ಯೋ, ಹಾಗಲ್ಲ... ನನ್ನ ಲೆನ್ಸಿಗೆ ಇಷ್ಟು ಹತ್ತಿರದ್ದು ಕಾಣಲ್ಲ. ಸಾಲದ್ದಕ್ಕೆ ಟೆಲಿಕನ್ವರ್ಟರ್ ಬೇರೆ ಹಾಕಿದೀನಿ. ಬರೀ ಒಂದು ಕಣ್ಣು ಬರ್ತಿದೆ, ಅದೂ ಮಂಜು ಮಂಜು!"

ದೊಡ್ಡ ಲೆನ್ಸು ಕೊಳ್ಳಲಾಗದವರ ಆಸರೆ ಈ ಟೆಲಿಕನ್ವರ್ಟರು. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರುವ ಮುಷ್ಟಿ ಗಾತ್ರದ ಗಾಜಿನ ಡಬ್ಬಿ. ದೂರದ್ದನ್ನು ಎರಡು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಆದರೆ ಕೆರ್ಕಿನಿಯ ಹೆಜ್ಜಾರ್ಲೆಗಳು ದೂರ ಇರುವ ಜಾತಿಯವಲ್ಲ. ಮೀನು ಕೊಡುವವರ ತೊಡೆಯ ಮೇಲೇ ಕೂರುವ ಜಾತಿ.

"ದೂರದ್ದನ್ನ ಹತ್ತಿರ ತರೋ ಯಂತ್ರ ತಂದು, ಹತ್ತಿರ ಬಂದಿದ್ದನ್ನ ದೂರ ಹೋಗು ಅಂತೀರಲ್ಲ! ನಿಮ್ಮಂಥೋರನ್ನ ಎಲ್ಲೂ ನೋಡಿಲ್ಲ," ಎಂದು ಸ್ಮಾರೋ ನಕ್ಕಳು.

ಅಷ್ಟರಲ್ಲಿ ಹೆಜ್ಜಾರ್ಲೆ ಕತ್ತು ಚಾಚಿ ಅವನ ಉಣ್ಣೆ ಟೋಪಿಯನ್ನು ಗಬಕ್ಕನೆ ಕಚ್ಚಿಕೊಂಡಿತು!

"ಅಯ್ಯೋ! ನಮ್ಮಮ್ಮ ಹೆಣೆದಿದ್ದು ಅದು!"

ಟೋಪಿ ಅತ್ತ, ಅವನು ಇತ್ತ. ನಡುವೆ ದೋಣಿ ಓಲಾಡಿತು. ಬೀಳುತ್ತಿದ್ದವನ ತೋಳನ್ನು ಸ್ಮಾರೋ ಥಟ್ಟನೆ ಹಿಡಿದಳು. ಅವನ ಮೈಯಿಂದ ದಾಲ್ಚಿನ್ನಿಯ, ಬೆಣ್ಣೆಯ, ಬಿಸಿ ಸಕ್ಕರೆಯ ಪರಿಮಳ...

'ದೇವರೇ, ಇದೇನಿದು? ಗಂಡಸು ಇಷ್ಟು ಘಮ್ಮಂತ ಇರ್ತಾನಾ?'

ಹಿಡಿದ ತೋಳನ್ನು ಬಿಡಲು ಅವಳಿಗೆ ತುಸು ಹೊತ್ತೇ ಹಿಡಿಯಿತು.

ಅವನ ಹೆಸರು ಅನೆಸ್ತಿಸ್. ಸೆರೆಸ್ ಪೇಟೆಯಲ್ಲಿ ಬುಗಾತ್ಸಾ ಮಾಡುವವನು. ಹಿಟ್ಟನ್ನು ಗಾಳಿಯಲ್ಲಿ ಬೀಸಿ ಬೀಸಿ ಪತ್ರಿಕೆಯ ಹಾಳೆಯಷ್ಟು ತೆಳ್ಳಗೆ ಮಾಡಿ, ಒಳಗೆ ಕೆನೆ ತುಂಬಿ ಬೇಯಿಸುವ ಕೆಲಸ. ಬೆಳಗಿನ ಗಿರಾಕಿಗಳು ಮುಗಿದ ಮೇಲೆ ಅವನು, ಅವನ ಹಳೇ ಲೆನ್ಸು ಮತ್ತು ಹಕ್ಕಿ.

ಮುಂದಿನ ಭಾನುವಾರವೂ ಬಂದ, ಬುಗಾತ್ಸಾದ ಪೊಟ್ಟಣದ ಜೊತೆ. ಅದರ ಮುಂದಿನ ವಾರವೂ ಬಂದ. ಸ್ಮಾರೋಳ ಅಪ್ಪ ಪ್ರೋದ್ರೋಮೋಸ್ ಮೊದಲು ಹುಬ್ಬು ಗಂಟಿಕ್ಕಿ ನೋಡಿದರು, ಆಮೇಲೆ ಪೊಟ್ಟಣ ನೋಡಿದರು, ಆಮೇಲೆ ಗಂಟೂ ಬಿಚ್ಚಿತು, ಪೊಟ್ಟಣವೂ ಬಿಚ್ಚಿತು.

ಸ್ಮಾರೋಳ ಬಳಿಯೂ ಒಂದು ಹಳೇ ಕ್ಯಾಮೆರಾ ಇತ್ತು. ಸರೋವರದ ನಟ್ಟನಡುವೆ ಹೆಜ್ಜಾರ್ಲೆಗಳು ಗೂಡು ಕಟ್ಟುವ ಜಾಗಕ್ಕೆ ದೋಣಿ ಒಯ್ಯುವಂತಿಲ್ಲ. ಆ ಮರಿಗಳನ್ನೊಮ್ಮೆ ಚಿತ್ರದಲ್ಲಾದರೂ ಹತ್ತಿರದಿಂದ ನೋಡಬೇಕೆಂಬುದು ಅವಳ ಬಹಳ ದಿನದ ಆಸೆ. ಅನೆಸ್ತಿಸ್ ಅದನ್ನು ಕೇಳಿದವನೇ ತನ್ನ ಕನ್ವರ್ಟರನ್ನು ಬಿಚ್ಚಿ ಅವಳ ಅಂಗೈಗೆ ಇಟ್ಟ.

"ಇಟ್ಕೋ. ಆದ್ರೆ ಇದರ ಬುದ್ಧಿ ಗೊತ್ತಿರ್ಲಿ. ಎರಡು ಪಟ್ಟು ಹತ್ತಿರ ತರುತ್ತೆ, ಅದಕ್ಕೆ ಕೂಲಿ ಅಂತ ಮುಕ್ಕಾಲು ಪಾಲು ಬೆಳಕು ನುಂಗುತ್ತೆ. ಮೋಡ ಇದ್ರೆ ಆಚೆ ತೆಗೀಲೇಬೇಡ. ಫೋಕಸ್ಸೂ ತಾನಾಗಿ ಆಗಲ್ಲ, ಕೈಯಲ್ಲೇ ತಿರುಗಿಸ್ಬೇಕು. ಕೈ ಎಷ್ಟು ನಡುಗುತ್ತೋ ಅದರ ಎರಡು ಪಟ್ಟು ಚಿತ್ರ ನಡುಗುತ್ತೆ."

"ಇಷ್ಟೊಂದು ರಗಳೆ ಇರೋದನ್ನ ಯಾಕೆ ಇಟ್ಕೊಂಡಿದೀಯಾ?"

"ಬಡವರ ಮನೆ ಕುದುರೆ ಕಣೇ. ಒದೆಯುತ್ತೆ, ಆದ್ರೂ ಊರು ಮುಟ್ಟಿಸುತ್ತೆ."

ಕ್ಯಾಮೆರಾ ಅಲುಗದಂತೆ ಅವಳ ಮೊಣಕೈಯನ್ನು ಅವನು ಮೆಲ್ಲಗೆ ಒತ್ತಿ ಹಿಡಿದ. ಅಲುಗಾಟ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಅಷ್ಟು ಹೊತ್ತಿಗೆ ಸ್ಮಾರೋಗೆ ತನ್ನ ಮನಸ್ಸು ಗೊತ್ತಾಗಿಹೋಗಿತ್ತು. ಅವನ ಮನಸ್ಸು ಮಾತ್ರ ಗೊತ್ತಿರಲಿಲ್ಲ.

ಜನವರಿಯ ಆರಂಭಕ್ಕೆ ಥಿಯೋಫಾನಿಯಾ ಹಬ್ಬ ಬಂತು. ಅಂದು ಪಾದ್ರಿಗಳು ನೀರನ್ನು ಹರಸಿ ಶಿಲುಬೆಯನ್ನು ಸರೋವರಕ್ಕೆ ಎಸೆಯುತ್ತಾರೆ. ಹುಡುಗರು ಕೊರೆಯುವ ನೀರಿಗೆ ಹಾರಿ ಹುಡುಕಿ ತರುತ್ತಾರೆ. ಸಿಕ್ಕವನಿಗೆ ವರ್ಷವೆಲ್ಲ ಶುಭ.

ಹಿಂದಿನ ದಿನ ಅನೆಸ್ತಿಸ್ ಕೆಂಪು ಕೆಂಪಾಗಿ ಬಂದು ನಿಂತ.

"ಈ ಸಲ ನಾನೂ ಹಾರ್ತೀನಿ. ಶಿಲುಬೆ ಸಿಕ್ಕಿದ್ರೆ... ನಿನಗೊಂದು ಮಾತು ಹೇಳ್ಬೇಕು."

"ಸಿಗದಿದ್ರೆ?"

"ನ್ಯುಮೋನಿಯಾ ಆಗಿರುತ್ತಲ್ಲ, ಆಸ್ಪತ್ರೆಯಿಂದ ಹೇಳ್ತೀನಿ. ಫೋಟೋ ಮಾತ್ರ ನೀನೇ ತೆಗೀಬೇಕು!"

ಅಂದು ರಾತ್ರಿ ಸ್ಮಾರೋ ಮಲಗಿದ್ದು ಹೆಸರಿಗೆ ಮಾತ್ರ.

ಹಬ್ಬದ ದಿನ ಚಿನ್ನದಂಥ ಬಿಸಿಲು. ಕಟ್ಟೆಯ ಬಳಿ ಕಾಲಿಡಲು ಜಾಗವಿರಲಿಲ್ಲ. ಬಿಸಿಲು ಬೆನ್ನಿಗಿರಲೆಂದು ಅವಳು ನೀರಿನಾಚೆಯ ಏರಿಯ ಮೇಲೆ, ಎಲ್ಲರಿಂದ ದೂರ ನಿಂತು ಕನ್ವರ್ಟರ್ ಜೋಡಿಸಿದಳು. ಬರಿಗಣ್ಣಿಗೆ ಜನ ಇರುವೆಗಳಂತೆ ಕಂಡರೆ, ಅದರೊಳಗೆ ಪಾದ್ರಿ ಗೆರಾಸಿಮೋಸರ ಗಡ್ಡದ ಕೂದಲೂ ಕಾಣುತ್ತಿತ್ತು! ಅವಳು ಖುಷಿಯಲ್ಲಿ ಕಂಡಕಂಡದ್ದನ್ನೆಲ್ಲ ತೆಗೆದಳು.

ಶಿಲುಬೆ ಹಾರಿತು. ಹುಡುಗರೂ ಹಾರಿದರು. ನೀರು ಕಲಕಿ, ಕೂಗಾಟವೆದ್ದು, ಕೊನೆಗೆ ಒಂದು ಉದ್ದನೆಯ ತೋಳು ಮೇಲೆದ್ದಿತು. ಹಿಟ್ಟು ಬೀಸಿ ಬೀಸಿ ಬಲಿತ ತೋಳು. ಅನೆಸ್ತಿಸ್!

'ಸಿಕ್ಕಿತು! ಅವನಿಗೇ ಸಿಕ್ಕಿತು!'

ಅವಳು ಅಳುತ್ತ, ನಗುತ್ತ ಬಟನ್ ಒತ್ತುತ್ತಲೇ ಇದ್ದಳು. ಅವನು ದೋಣಿಯೊಂದಕ್ಕೆ ಹತ್ತಿ ನಿಂತ. ಮುಷ್ಟಿಯನ್ನು ಮುಖದ ಬಳಿಗೆ ಎತ್ತಿ ಕಣ್ಣು ಮುಚ್ಚಿದ. ಮತ್ತೆ...

ಸ್ಮಾರೋಳ ಬೆರಳು ಅಲ್ಲೇ ಕಲ್ಲಾಯಿತು.

ಅವನ ತುಟಿ ಒಬ್ಬ ಹೆಂಗಸಿನ ಕೆನ್ನೆಯ ಮೇಲಿತ್ತು! ಕೆಂಪು ಕೋಟು ತೊಟ್ಟ ಚೆಲುವೆ. ಅವಳೂ ಕಣ್ಣು ಮುಚ್ಚಿ, ಬಾಯಿ ತುಸು ತೆರೆದು, ಪರವಶಳಾಗಿ ಕೆನ್ನೆ ಒಡ್ಡಿದ್ದಳು.

ಕ್ಯಾಮೆರಾದ ಪರದೆಯ ಮೇಲೆ ಮತ್ತೆ ನೋಡಿದಳು. ಸುಳ್ಳಲ್ಲ, ಕಣ್ಣಾರೆ ಕಂಡದ್ದು!

'ಓಹೋ... ಹೇಳ್ಬೇಕು ಅಂದಿದ್ದ ಮಾತು ಇದೇನಾ? ಫೋಟೋನೂ ನನ್ನ ಕೈಲೇ ತೆಗೆಸಿದೆಯಲ್ಲೋ, ಕಟುಕ!'

ಅವನು ಶಿಲುಬೆ ಹಿಡಿದು ನಡುಗುತ್ತ ಏರಿಯವರೆಗೆ ಓಡಿ ಬರುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ.

ಮರುವಾರ ದೋಣಿಗೆ ಬಂದವನನ್ನು ಸ್ಮಾರೋ ಮೂಲೆಯಲ್ಲಿ, ಹಕ್ಕಿಗಳು ಹಿಕ್ಕೆ ಹಾಕುವ ಕಡೆಗೇ ಕೂರಿಸಿದಳು.

"ಸ್ಮಾರೋ, ಏನಾಯ್ತು? ಜ್ವರ ಬಂದಿತ್ತಾ?"

"ನನಗೆ ಯಾವ ಜ್ವರವೂ ಇಲ್ಲ. ಇನ್ಮೇಲೆ ನಮ್ಮ ದೋಣಿಗೆ ಬರಬೇಡಿ."

"ಬರಬೇಡಿ? ನನಗಾ?"

"ಹೋಗಿ... ಕೆಂಪು ಬಣ್ಣ ನಿಮಗೆ ಚೆನ್ನಾಗಿ ಒಪ್ಪುತ್ತೆ!"

ಅನೆಸ್ತಿಸ್ ಗಾಬರಿಯಿಂದ ತನ್ನ ಜಾಕೆಟ್ ನೋಡಿಕೊಂಡ. ಅದು ನೀಲಿಯದಾಗಿತ್ತು. ಏನೂ ತಿಳಿಯದೆ ದೋಣಿ ಇಳಿದು ಹೋದ. ಆಮೇಲೆ ಬರಲಿಲ್ಲ.

'ಬರದಿದ್ರೆ ಒಳ್ಳೇದೇ ಆಯ್ತು' ಎಂದುಕೊಂಡವಳು ಪ್ರತಿ ಭಾನುವಾರ ಬಸ್ಸಿನ ಸದ್ದಿಗೆ ಕಿಟಕಿಗೆ ಓಡುತ್ತಿದ್ದಳು. ಅನ್ನಿಸಿದ್ದೊಂದು, ಕಾಲು ಓಡಿದ್ದೊಂದು! ಊಟ ಸೇರುತ್ತಿರಲಿಲ್ಲ. ಅಪ್ಪನೂ ಸೊರಗಿದ್ದರು, ಬೇರೆ ಕಾರಣಕ್ಕೆ.

"ಆ ಹುಡುಗನ್ನ ಓಡಿಸಿಬಿಟ್ಟೆಯಲ್ಲಮ್ಮ... ಬುಗಾತ್ಸಾ ಏನು ತಪ್ಪು ಮಾಡಿತ್ತು?"

ಹಬ್ಬದ ಚಿತ್ರಗಳನ್ನು ಊರ ಕಾಫಿ ಅಂಗಡಿಯ ಗೋಡೆಗೆ ಅಂಟಿಸುವುದು ಅಲ್ಲಿನ ರೂಢಿ. ಆ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಸ್ಮಾರೋ ಸರಿಯಾಗಿ ನೋಡದೆಯೇ ಕೊಟ್ಟುಬಿಟ್ಟಿದ್ದಳು. ಒಂದು ಮಧ್ಯಾಹ್ನ, ಅಲ್ಲಿನ ಬಹುಪಾಲು ಪಾದ್ರಿಗಳಂತೆ ಸಂಸಾರಸ್ಥರಾದ ಗೆರಾಸಿಮೋಸರು ನಿಲುವಂಗಿ ಎತ್ತಿ ಹಿಡಿದು, ಗಡ್ಡ ಅದುರಿಸುತ್ತ ಅವಳ ಮನೆಗೆ ನುಗ್ಗಿದರು.

"ಏನೇ ಹುಡುಗಿ, ನನ್ನ ಮಾನ ಕಳೀಬೇಕು ಅಂತಲೇ ಮಾಡಿದೀಯಾ?"

"ಏನಾಯ್ತು ಫಾದರ್?"

ಅವರು ಗೋಡೆಯಿಂದ ಕಿತ್ತು ತಂದಿದ್ದ ಚಿತ್ರವನ್ನು ಮೇಜಿಗೆ ಕುಕ್ಕಿದರು. ಪಾದ್ರಿಗಳು ಕಣ್ಣು ಮುಚ್ಚಿ, ತುಟಿ ಮುಂದೆ ಮಾಡಿ ಸ್ತುತಿ ಹಾಡುತ್ತಿದ್ದಾರೆ. ಎದುರಿಗೆ ಒಂದು ಎಮ್ಮೆ ಕತ್ತು ಚಾಚಿದೆ. ಮೂತಿಗೆ ಮೂತಿ ಕೂಡಿದೆ!

ಪ್ರೋದ್ರೋಮೋಸ್ ಕೆಮ್ಮಿದಂತೆ ಮಾಡಿ ಒಳಗೆ ಹೋದರು. ಒಳಗಿನಿಂದ ನಗು ಕೇಳಿಸಿತು.

"ನನ್ನ ಹೆಂಡತಿ ಅವತ್ತಿನಿಂದ ನಗು ನಿಲ್ಲಿಸಿಲ್ಲ! ಪೂಜೆಗೆ ಬಂದೋರು ನನ್ನ ಮುಖ ನೋಡಿ 'ಅಂಬಾ' ಅಂತಾರೆ!"

"ಆದ್ರೆ ಫಾದರ್... ನೀವು ಹತ್ತಿರ ಹೋಗಿದ್ರಿಂದ ತಾನೇ..."

"ಎಲ್ಲಿ ಹತ್ತಿರ? ನಾನು ಕಟ್ಟೆ ಮೇಲಿದ್ದೆ. ಎಮ್ಮೆ ಕಾಲುವೆ ಆಚೆ ಹುಲ್ಲು ಮೇಯ್ತಿತ್ತು! ನಡುವೆ ಒಂದಿಡೀ ಕಾಲುವೆ ಹರೀತಿದೆ ತಾಯಿ! ನಿನ್ನ ಆ ಹಾಳು ಡಬ್ಬಿ ದೂರ ದೂರ ಇರೋದನ್ನ ಒಂದಕ್ಕೊಂದು ಅಂಟಿಸಿಬಿಟ್ಟಿದೆ!"

ಸ್ಮಾರೋ ಕುಳಿತಲ್ಲಿಂದ ಎದ್ದು ನಿಂತಳು.

ಪಾದ್ರಿಯೂ ಎಮ್ಮೆಯೂ ಮುತ್ತಿಟ್ಟುಕೊಂಡಿಲ್ಲವಾದರೆ... ಹಾಗಾದರೆ...

"ಫಾದರ್! ಶಿಲುಬೆ ಸಿಕ್ಕವನು ಮೊದಲು ಏನು ಮಾಡ್ತಾನೆ?"

"ಇದೇನು ಪ್ರಶ್ನೆ? ಶಿಲುಬೆಗೆ ಮುತ್ತಿಡ್ತಾನೆ."

ಮುಷ್ಟಿ! ಆ ಎತ್ತಿದ ಮುಷ್ಟಿಯೊಳಗೆ ಶಿಲುಬೆ ಇತ್ತು!

ಅವಳು ಪಾದ್ರಿಗಳ ಕೈಗೆ ಮುತ್ತಿಟ್ಟು, ಚಿತ್ರವನ್ನೂ ಕ್ಯಾಮೆರಾವನ್ನೂ ಚೀಲಕ್ಕೆ ತುರುಕಿದಳು. "ಕ್ಷಮಿಸಿಬಿಡಿ ಫಾದರ್, ನಿಮ್ಮ ಎಮ್ಮೆಗೆ ಪುಣ್ಯ ಬರ್ಲಿ!" ಎಂದವಳೇ ಸೆರೆಸ್ ಬಸ್ಸಿಗೆ ಓಡಿದಳು.

"ನನ್ನ ಎಮ್ಮೆ ಅಲ್ಲ ಅದು!" ಎಂದು ಪಾದ್ರಿಗಳು ಹಿಂದಿನಿಂದ ಕೂಗುತ್ತಲೇ ಇದ್ದರು.

ಬಸ್ಸಿನ ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. 'ಅವನು ಮುಖ ತಿರುಗಿಸಿಬಿಟ್ರೆ? ಇಷ್ಟು ದಿನದಲ್ಲಿ ನನ್ನನ್ನ ಮರೆತೇಬಿಟ್ಟಿದ್ರೆ?'

ಬುಗಾತ್ಸಾ ಅಂಗಡಿಯಲ್ಲಿ ಸಂಜೆಯ ಸಾಲು ಬಾಗಿಲವರೆಗಿತ್ತು. ಅಮೃತಶಿಲೆಯ ಮೇಜಿನ ಹಿಂದೆ ಅನೆಸ್ತಿಸ್ ಹಿಟ್ಟು ಬೀಸುತ್ತಿದ್ದ. ಅವಳನ್ನು ಕಂಡನೋ ಇಲ್ಲವೋ, ಮೇಲೆ ಹೋದ ಹಿಟ್ಟು ಬಂದು ಅವನ ತಲೆಯ ಮೇಲೆಯೇ ಮುಸುಕಿನಂತೆ ಕವುಚಿಕೊಂಡಿತು!

"ಅನೆಸ್ತಿ, ಈ ಕೆಂಪು ಕೋಟಿನವಳು ಯಾರು?"

ಹಿಟ್ಟಿನ ಒಳಗಿನಿಂದಲೇ ಅವನು ಕೇಳಿದ. "ಯಾವ ಕೆಂಪು ಕೋಟು?"

ಅವಳು ಕ್ಯಾಮೆರಾ ಚಾಚಿದಳು. ಅವನು ಮುಸುಕು ಸರಿಸಿ ನೋಡಿದ. ಕಣ್ಣರಳಿಸಿದ.

"ಯಾರಿವಳು? ನಾನು ನೋಡೇ ಇಲ್ವಲ್ಲ! ನಾನು ದೋಣಿಯಲ್ಲಿದ್ದೆ. ಇವಳು... ಹಿಂದೆ ದಡದಲ್ಲಿ ಇದ್ದಿರಬೇಕು." ಅವನು ಚಿತ್ರವನ್ನು ದೊಡ್ಡದು ಮಾಡಿದ. "ಕೈಲಿ ಕರವಸ್ತ್ರ ನೋಡು... ಸೀನ್ತಿದಾಳೆ ಕಣೇ!"

ಪರವಶಳಾದ ಚೆಲುವೆ ನೆಗಡಿಯವಳಾಗಿದ್ದಳು.

"ದೂರದ ಲೆನ್ಸು ಹಿಂದಿರೋರನ್ನೂ ಮುಂದಿರೋರನ್ನೂ ಒಟ್ಟಿಗೆ ಅಮುಕಿಬಿಡುತ್ತೆ. ದುಬಾರಿ ಲೆನ್ಸಾಗಿದ್ರೆ ಹಿಂದಿದ್ದವಳು ಕೆನೆ ಥರ ಕರಗಿಹೋಗಿರೋಳು. ನಮ್ಮ ಬಡ ಕನ್ವರ್ಟರ್ ಅವಳನ್ನೂ ನನ್ನನ್ನೂ ಒಂದೇ ಸಮ ತೋರಿಸಿದೆ. ತಪ್ಪು ನನ್ನದೇ, ಬೆಳಕಿನ ಪಾಠ ಹೇಳಿದೆ, ಇದನ್ನ ಹೇಳೋದು ಮರೆತೆ."

ಹೇಳಹೇಳುತ್ತ ಅವನ ದನಿ ಕುಗ್ಗಿತು.

"ಆದ್ರೆ ಸ್ಮಾರೋ, ನನ್ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ? ಏನು ತಪ್ಪು ಮಾಡಿದೆ ಅಂತ ಯೋಚ್ನೆ ಮಾಡಿ ಮಾಡಿ ಹಿಟ್ಟಿಗೆ ಉಪ್ಪು ಹಾಕಿದ್ನೋ ಇಲ್ವೋ ಅನ್ನೋದೂ ಗೊತ್ತಾಗ್ತಿರ್ಲಿಲ್ಲ."

"ನಮಗೆ ಗೊತ್ತಾಗ್ತಿತ್ತಪ್ಪ!" ಎಂದಳು ಸಾಲಿನ ಮುಂದಿದ್ದ ಅಜ್ಜಿ.

ಸ್ಮಾರೋಳ ಕಣ್ಣು ತುಂಬಿ ಬಂತು.

"ಕೇಳೋಕೆ ಭಯ ಆಯ್ತು. ಹೌದು, ಅವಳೇ ನನ್ನ ಹುಡುಗಿ ಅಂದುಬಿಟ್ಟಿದ್ರೆ... ನಾನು ಎಲ್ಲಿಗೆ ಹೋಗ್ಲಿ? ನನಗೆ ನೀನಂದ್ರೆ ಪ್ರಾಣ ಅನೆಸ್ತಿ. ನೀನು ಬರದ ಭಾನುವಾರ ನನಗೆ ಭಾನುವಾರವೇ ಅಲ್ಲ."

ಅನೆಸ್ತಿಸ್ ಏಪ್ರನ್ನಿಗೆ ಕೈ ಒರೆಸಿಕೊಂಡು ಮೇಜು ಬಳಸಿ ಅವಳೆದುರು ಬಂದು ನಿಂತ.

"ಶಿಲುಬೆ ಸಿಕ್ಕ ದಿನ ನಾನು ಹೇಳ್ಬೇಕು ಅಂದಿದ್ದ ಮಾತೆಲ್ಲ ನೀನೇ ಹೇಳಿಬಿಟ್ಟೆಯಲ್ಲೇ! ನನಗೇನು ಉಳಿಸಿದೀಯಾ?"

"ಅಪ್ಪನ ಹತ್ತಿರ ಮಾತಾಡೋದು ಉಳಿದಿದೆ."

"ಅದೂ ಮುಗಿದಿದೆ. ದಿನಾ ಫೋನ್ ಮಾಡ್ತಿದ್ರು."

"ಅಪ್ಪನಾ? ಏನಂದ್ರು?"

"ಮಗಳ ಕೋಪ ಇಳಿಯೋವರೆಗೆ ಬುಗಾತ್ಸಾ ಬಸ್ಸಿನವನ ಕೈಲಿ ಕಳಿಸು ಅಂದ್ರು."

ಅವಳು ಅಳುತ್ತಲೇ ನಕ್ಕುಬಿಟ್ಟಳು. ಅವನು ಇನ್ನೂ ಹಿಟ್ಟು ಮೆತ್ತಿದ್ದ ಬೆರಳಿನಿಂದ ಅವಳ ಕಣ್ಣೀರು ಒರೆಸಿದ. ಕೆನ್ನೆಯೆಲ್ಲ ಬೆಳ್ಳಗಾಯಿತು.

"ಸ್ಮಾರೋ, ಇನ್ಮೇಲೆ ನಿನ್ನ ಕಣ್ಣಿಗೆ ಏನೇ ಕಂಡ್ರೂ ಮೊದಲು ನನ್ನನ್ನ ಕೇಳ್ಬೇಕು. ಭಯ ಆದ್ರೂ ಕೇಳ್ಬೇಕು."

"ಕೇಳ್ತೀನಿ... ಈಗಲೇ ಒಂದು ಕೇಳ್ಲಾ? ತುಂಬಾ ಭಯ ಆಗ್ತಿದೆ."

"ಕೇಳು."

"ನನ್ನ ಮದುವೆ ಆಗ್ತೀಯಾ?"

ಅಜ್ಜಿ ಊರುಗೋಲಿನಿಂದ ಅವನ ಕಾಲಿಗೆ ತಿವಿದಳು. "ಹೂಂ ಅನ್ನೋ! ಒಲೆಯಲ್ಲಿರೋದು ಸೀಯ್ತಿದೆ!"

"ಸೀಯ್ಲಿ ಬಿಡಜ್ಜಿ," ಎಂದ ಅನೆಸ್ತಿಸ್, ಸ್ಮಾರೋಳ ಎರಡೂ ಕೈಗಳನ್ನು ಹಿಡಿದುಕೊಂಡು. "ಹೂಂ ಕಣೇ... ಹೂಂ."